ಆಯ್ದಕ್ಕಿಯ ಪಾಠ

ಆಯ್ದಕ್ಕಿ ಮಾರಯ್ಯನು ನಿತ್ಯದ ಪ್ರಮಾಣವನ್ನು ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ತಿಳಿಸಿದಳು. ಅಧಿಕವಾದುದು ಪರರ ಪಾಲೆಂಬುದೇ ಇದರ ತತ್ತ್ವ.

ಈ ತತ್ತ್ವವನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಬಡವರ ಅಡುಗೆಮನೆಗೆ ಅನ್ವಯಿಸಿ ನೋಡಬೇಕು. ಈ ಸೀಮೆಯ ಭತ್ತ, ಗೋವಿನಜೋಳ, ಹತ್ತಿಗಳು ಪೇಟೆಗೆ ಸಾಗುವುವು. ಹೊಲದಲ್ಲಿ ದುಡಿವ ಕೂಲಿಕಾರನಾದರೋ ಬೇಳೆ, ಕಾಯಿಪಲ್ಲೆ, ಹಾಲುಗಳನ್ನು ಕೂಲಿಯ ಹಣದಿಂದಲೇ ಕೊಳ್ಳಬೇಕು. ಕೂಲಿ ತಪ್ಪಿದ ದಿನ ಮೊದಲು ತಪ್ಪುವುವು ಇವೇ. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಗೊತ್ತುಪಡಿಸಿದೆ. ಅದರಿಂದ ಹಸಿವು ಅಡಗುವುದು. ಆದರೆ ಬರಿಯ ಅನ್ನದಿಂದ ತಾಯಿಯ ರಕ್ತಹೀನತೆ ನೀಗದು, ಕೂಸಿನ ಬೆಳವಣಿಗೆಯೂ ಪೂರ್ಣವಾಗದು.

ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದು ಶರಣರ ಶಬ್ದದಿಂದಲೇ. ಅಲ್ಲಿ ಮಗುವಿಗೆ ಬೇಳೆ, ತರಕಾರಿಗಳು ದೊರೆಯುವುವು. ಮನೆಯಲ್ಲಿ ಕಡೆಗೆ ಉಣ್ಣುವ ತಾಯಿಯ ಪಾಡೇನು?

ಆದುದರಿಂದ ಉಳಿದ ಅನ್ನವನ್ನು ನೀಡಿದಷ್ಟರಿಂದಲೇ ದಾಸೋಹವು ಪೂರ್ತಿಯಾಗದು. ಆಳಿಗೆ ಸಲ್ಲಬೇಕಾದ ಕೂಲಿಯಲ್ಲಿ ಹಿಡಿದಿಟ್ಟುಕೊಂಡ ಹಣವೂ ಮಾರಯ್ಯನ ಹೆಚ್ಚಿನ ಅಕ್ಕಿಯೇ. ಅದನ್ನು ಸಲ್ಲಿಸಿದ ಬಳಿಕವೇ ಪಂಕ್ತಿಗೆ ಕರೆಯುವುದು ಭಕ್ತನಿಗೆ ಒಪ್ಪುವುದು.