ಮೈನು ಹುಡುಕುವ ಹಡಗುಗಳು: ಮಲ್ಪೆ ಮತ್ತು ಮೂಲ್ಕಿ

ಪುಣೆಯ ಸಮೀಪದ ದೇಹೂ ರೋಡ್‌ನಲ್ಲಿ ಸೈನ್ಯದ ಮದ್ದುಗುಂಡು ಉಗ್ರಾಣವಿದೆ. ಅದರ ಸುತ್ತ ಇಂತಿಷ್ಟು ದೂರದವರೆಗೆ ಕಟ್ಟಡ ನಿರ್ಮಾಣವನ್ನು ನಿರ್ಬಂಧಿಸಿ ಗಡಿ ಗುರುತಿಸಲಾಗಿದೆ. ಸುತ್ತಲಿನ ಜನ ಅದನ್ನು 'ರೆಡ್ ಝೋನ್' ಎಂದೇ ಕರೆಯುತ್ತಾರೆ. ನೆಲದ ಮೇಲಿನ ಸ್ಫೋಟಕಕ್ಕೆ ಹೀಗೆ ಬೇಲಿ ಹಾಕಬಹುದು, ಕಾವಲು ಇಡಬಹುದು, ನಕ್ಷೆಯಲ್ಲಿ ಗೆರೆ ಎಳೆಯಬಹುದು. ಸಮುದ್ರದಲ್ಲಿ ಶತ್ರುವು ಹುದುಗಿಸಿದ ಸ್ಫೋಟಕಕ್ಕೆ ಗೆರೆಯೂ ಇಲ್ಲ, ಕಾವಲೂ ಇಲ್ಲ. ಅದು ಎಲ್ಲಿದೆ ಎಂಬುದು ತಿಳಿಯದಿರುವುದೇ ಅದರ ಬಲ.

ಇಂತಹ ಸ್ಫೋಟಕವನ್ನು ನೌಕಾಪಡೆಯ ಪರಿಭಾಷೆಯಲ್ಲಿ 'ಮೈನು' ಎನ್ನುತ್ತಾರೆ. ಇದು ದೂರದ ದೇಶಗಳ ಯುದ್ಧಕತೆಗಳಿಗೆ ಸೀಮಿತವಾದ ಸಂಗತಿಯೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನಿಯ 'ವೂಲ್ಫ್' ಎಂಬ ಹಡಗು ಮುಂಬಯಿ ಮತ್ತು ಕೊಲಂಬೊ ಬಂದರುಗಳ ಹೊರಗೆ ಗುಟ್ಟಾಗಿ ಮೈನುಗಳನ್ನು ಬಿಟ್ಟುಹೋಯಿತು. ಅದು ಹೊರಟುಹೋಗಿ ತಿಂಗಳುಗಳೇ ಕಳೆದ ಮೇಲೆ, ಅದೇ ವರ್ಷದ ಜೂನ್ 23ರಂದು, 'ಮಂಗೋಲಿಯ' ಎಂಬ ಪ್ರಯಾಣಿಕರ ಹಡಗು ಮುಂಬಯಿಯ ದಕ್ಷಿಣಕ್ಕೆ ಅಂತಹ ಒಂದು ಮೈನಿಗೆ ತಗುಲಿ ಮುಳುಗಿತು. 1971ರ ಯುದ್ಧದ ನಂತರ ಬಾಂಗ್ಲಾದೇಶದ ಚಟ್ಟಗ್ರಾಮ ಬಂದರನ್ನು ಮೈನುಗಳಿಂದಲೂ ಮುಳುಗಿದ ಹಡಗುಗಳಿಂದಲೂ ಮುಕ್ತಗೊಳಿಸುವ ಕಾರ್ಯದಲ್ಲಿ ಸೋವಿಯತ್ ನೌಕಾಪಡೆ 1972ರಿಂದ 1974ರವರೆಗೆ ತೊಡಗಿತ್ತು. ಯುದ್ಧ ನಡೆದದ್ದು ಎರಡು ವಾರಕ್ಕೂ ಕಡಿಮೆ, ಬಂದರು ಶುದ್ಧಿಗೆ ಹಿಡಿದದ್ದು ಎರಡು ವರ್ಷ.

ಮೈನನ್ನು ನಿವಾರಿಸಲು ಎರಡು ಮಾರ್ಗಗಳಿವೆ. ಹಳೆಯದು ಗುಡಿಸುವ ಮಾರ್ಗ. ಸರಪಳಿಯಿಂದ ತಳಕ್ಕೆ ಕಟ್ಟಿದ ಮೈನುಗಳಿರುವಲ್ಲಿ ಹಡಗು ತನ್ನ ಹಿಂದೆ ಕತ್ತರಿಗಳುಳ್ಳ ತಂತಿಹಗ್ಗವನ್ನು ಎಳೆಯುತ್ತ ಸಾಗುತ್ತದೆ. ಕಟ್ಟು ಕಡಿದ ಮೈನು ಮೇಲಕ್ಕೆ ತೇಲುತ್ತದೆ, ಅದನ್ನು ಗುಂಡು ಹಾರಿಸಿ ನಾಶಮಾಡಲಾಗುತ್ತದೆ. ಆದರೆ ತಳದಲ್ಲಿಯೇ ಮಲಗಿ, ಮೇಲೆ ಸಾಗುವ ಹಡಗಿನ ಕಾಂತಶಕ್ತಿಯನ್ನೋ ಸದ್ದನ್ನೋ ನೀರಿನ ಒತ್ತಡದ ಬದಲಾವಣೆಯನ್ನೋ ಗ್ರಹಿಸಿ ಸಿಡಿಯುವ ಮೈನುಗಳು ಬಂದ ಮೇಲೆ ಈ ಮಾರ್ಗ ಸಾಲದಾಯಿತು. ಕಾಂತಶಕ್ತಿಯನ್ನೂ ಸದ್ದನ್ನೂ ಕೃತಕವಾಗಿ ಹೊಮ್ಮಿಸಿ ಮೈನನ್ನು ಮೋಸಗೊಳಿಸಬಹುದು. ದೊಡ್ಡ ಹಡಗಿನ ಒತ್ತಡವನ್ನು ಅನುಕರಿಸುವುದು ಮಾತ್ರ ಬಹು ಕಷ್ಟ. ಇನ್ನೂ ಕುಟಿಲವಾದ ಏರ್ಪಾಡೊಂದಿದೆ: ಮೊದಲ ಕೆಲವು ಹಡಗುಗಳನ್ನು ಸುಮ್ಮನೆ ದಾಟಲು ಬಿಟ್ಟು, ಎಣಿಕೆ ತುಂಬಿದ ಮೇಲೆ ಬರುವ ಹಡಗಿನ ಕೆಳಗೆ ಸಿಡಿಯುವಂತೆ ಮೈನನ್ನು ಹೊಂದಿಸಿಡಬಹುದು. ಒಮ್ಮೆ ಗುಡಿಸಿದ ದಾರಿ ನಿಜವಾಗಿ ನಿರ್ಮಲವಾಯಿತೇ ಎಂದು ಆಗ ಯಾರೂ ಖಚಿತವಾಗಿ ಹೇಳಲಾರರು.

ಆದುದರಿಂದಲೇ ಎರಡನೆಯ ಮಾರ್ಗ ಹುಟ್ಟಿತು. ಒಂದೊಂದು ಮೈನನ್ನೂ ಹುಡುಕಿ, ನೋಡಿ, ನಾಶಮಾಡುವುದು ಇದರ ಕ್ರಮ. ಹಡಗು ಅತಿ ನಿಧಾನವಾಗಿ ಚಲಿಸುತ್ತ ಸೋನಾರ್ ಉಪಕರಣದಿಂದ ತಳಕ್ಕೆ ಶಬ್ದತರಂಗಗಳನ್ನು ಕಳುಹಿಸಿ, ಪ್ರತಿಧ್ವನಿಯ ಆಧಾರದಿಂದ ಅಲ್ಲಿ ಬಿದ್ದಿರುವ ವಸ್ತುಗಳನ್ನು ಗುರುತಿಸುತ್ತದೆ. ಬಂಡೆ ಯಾವುದು, ಹಳೆಯ ಪೀಪಾಯಿ ಯಾವುದು, ಮೈನು ಯಾವುದು ಎಂಬ ನಿರ್ಣಯಕ್ಕೆ ಕ್ಯಾಮರಾ ಅಥವಾ ಮುಳುಗುಗಾರ ನೀರಿಗಿಳಿಯಬೇಕಾಗುತ್ತದೆ. ಮೈನೆಂದು ಖಚಿತವಾದರೆ ಪಕ್ಕದಲ್ಲಿ ಸಣ್ಣ ಸಿಡಿಮದ್ದನ್ನಿಟ್ಟು ಸಿಡಿಸಲಾಗುತ್ತದೆ. ಈ ಕೆಲಸ ಮಾಡುವ ಹಡಗು ತಾನೇ ಮೈನನ್ನು ಕೆರಳಿಸಬಾರದಷ್ಟೆ. ಆದ್ದರಿಂದ ಅದರ ಒಡಲನ್ನು ಮರದಿಂದ ಅಥವಾ ಗಾಜಿನೆಳೆ ಸೇರಿಸಿದ ಪ್ಲಾಸ್ಟಿಕ್‌ನಿಂದ ಕಟ್ಟುವುದುಂಟು. ಉಕ್ಕನ್ನೇ ಬಳಸುವುದಾದರೆ ಕಾಂತಗುಣ ಕಡಿಮೆಯಿರುವ ಬಗೆಯನ್ನು ಆರಿಸುತ್ತಾರೆ.

ನಮ್ಮ ನೌಕಾಪಡೆಯಲ್ಲಿ ಇಂತಹ ಹಡಗುಗಳಿಗೆ ಕರಾವಳಿಯ ಊರುಗಳ ಹೆಸರಿಡುವುದು ರೂಢಿ. 1956ರಲ್ಲಿ ಬ್ರಿಟನ್ನಿನಿಂದ ಪಡೆದ ನಾಲ್ಕು ಕರಾವಳಿ ಮೈನು ನಿವಾರಕ ಹಡಗುಗಳಲ್ಲಿ ಒಂದರ ಹೆಸರು 'ಕಾರವಾರ'. 1960ರ ದಶಕದಲ್ಲಿ ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಿದ ಚಿಕ್ಕ ಹಡಗಿಗೆ 'ಭಟ್ಕಳ' ಎಂಬ ಹೆಸರಾಯಿತು. ಸೋವಿಯತ್ ಒಕ್ಕೂಟದಿಂದ ಬಂದ ದೊಡ್ಡ ಮೈನು ನಿವಾರಕಗಳಲ್ಲಿಯೂ 'ಕಾರವಾರ' ಎಂಬ ಹೆಸರು ಮುಂದುವರಿಯಿತು.

ಮಲ್ಪೆ ಮತ್ತು ಮೂಲ್ಕಿಯ ಹೆಸರು ಹೊತ್ತ ಹಡಗುಗಳು ಇವೆಲ್ಲಕ್ಕಿಂತ ಚಿಕ್ಕವು, ಆದರೆ ಪ್ರಸ್ತುತ ವಿಷಯಕ್ಕೆ ಅವೇ ಹೆಚ್ಚು ಹತ್ತಿರ. 1983 ಮತ್ತು 1984ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಆರು ಹಡಗುಗಳ ಈ ವರ್ಗಕ್ಕೆ 'ಮಾಹೆ ವರ್ಗ' ಎಂದು ಹೆಸರು. ಮಾಹೆ, ಮಾಲವಣ, ಮಾಂಗ್ರೋಲ್, ಮಗ್ದಲಾ ಉಳಿದ ನಾಲ್ಕು. ಉದ್ದ ಸುಮಾರು 25 ಮೀಟರ್, ಭಾರ ಸುಮಾರು 90 ಟನ್, ನಾವಿಕರು ಹತ್ತು ಮಂದಿಯಷ್ಟೆ, ಒಡಲು ಗಾಜಿನೆಳೆಯದು. ನೀರಿನೊಳಗೆ ಎಳೆದೊಯ್ಯುವ ಟೆಲಿವಿಷನ್ ಕ್ಯಾಮರಾದ ಮೂಲಕ ಸುಮಾರು 30 ಮೀಟರ್ ಆಳದವರೆಗೆ ಮೈನುಗಳನ್ನು ಹುಡುಕುವುದು ಇವುಗಳ ಕ್ರಮವಾಗಿತ್ತು. ಬಂದರಿನ ಬಾಯಿ, ಅಳಿವೆ, ದಡದಂಚಿನ ಆಳವಿಲ್ಲದ ನೀರು ಇವುಗಳ ಕಾರ್ಯಕ್ಷೇತ್ರ. ಕ್ಯಾಮರಾಕ್ಕೆ ತಿಳಿನೀರು ಬೇಕು. ಮುಂಗಾರಿನಲ್ಲಿ ಶಾಂಭವಿ ನದಿಯ ಕೆಮ್ಮಣ್ಣು ಸಮುದ್ರವನ್ನು ಕದಡುವುದನ್ನು ಮೂಲ್ಕಿಯ ದಡದಲ್ಲಿ ನಿಂತು ಕಂಡವರಿಗೆ ಈ ಪದ್ಧತಿಯ ಮಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಇದರಿಂದ ಸಾಮಾನ್ಯ ಜನರಿಗೇನು ಎಂಬ ಪ್ರಶ್ನೆ ಸಹಜ. ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರುವುದು ಹೂಳೆತ್ತಿ ಆಳಗೊಳಿಸಿದ ಕಾಲುವೆಯ ಮೂಲಕ. ಕಚ್ಚಾ ತೈಲವೂ ಅಡುಗೆ ಅನಿಲವೂ ಆ ಬಂದರಿಗೆ ಬರುತ್ತವೆ. ಕಾಲುವೆಯಲ್ಲಿ ನೂರು ಮೈನುಗಳಿರಬೇಕಾಗಿಲ್ಲ. ಒಂದೆರಡು ಇವೆ ಎಂಬ ಬಲವಾದ ಶಂಕೆಯೇ ಹಡಗುಗಳನ್ನು ಹೊರಗೆ ನಿಲ್ಲಿಸಲು ಸಾಕು. ಮೀನುಗಾರರಿಗೂ ಇದು ಸಂಬಂಧಪಟ್ಟ ವಿಷಯ. ಯುರೋಪಿನ ಉತ್ತರ ಸಮುದ್ರದಲ್ಲಿ ಮಹಾಯುದ್ಧದ ಕಾಲದ ಮೈನುಗಳು ಇಂದಿಗೂ ಮೀನುಬಲೆಗೆ ಸಿಕ್ಕಿಕೊಳ್ಳುವುದುಂಟು. ಬಲೆಯಲ್ಲಿ ಅನುಮಾನಾಸ್ಪದ ಲೋಹದ ವಸ್ತು ಕಂಡುಬಂದರೆ ಅದನ್ನು ಬಡಿಯುವುದಾಗಲಿ, ಬಿಚ್ಚುವುದಾಗಲಿ, ದಡಕ್ಕೆ ತರುವುದಾಗಲಿ ಕೂಡದು. ಕರಾವಳಿ ರಕ್ಷಣಾ ಪಡೆಗೆ 1554 ಸಂಖ್ಯೆಯ ದೂರವಾಣಿಯಲ್ಲಿ ಕೂಡಲೇ ತಿಳಿಸಬೇಕು.

ಆ ಹಳೆಯ ಮಲ್ಪೆ, ಮೂಲ್ಕಿಗಳು ಸೇವೆಯಿಂದ ನಿವೃತ್ತವಾಗಿವೆ. 1986ರಲ್ಲಿ ಸೇರ್ಪಡೆಯಾದ ಎರಡನೆಯ 'ಕಾರವಾರ' 2017ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ನಿವೃತ್ತವಾಯಿತು. 2019ರ ಏಪ್ರಿಲ್‌ನಲ್ಲಿ 'ಕೋಝಿಕ್ಕೋಡ್' ಬಿಡುವು ಪಡೆದಾಗ ಆ ಸಾಲಿನ ಕೊನೆಯ ಹಡಗೂ ಹೋದಂತಾಯಿತು. ಅವುಗಳ ಸ್ಥಾನದಲ್ಲಿ ಗೋವಾ ಹಡಗುಕಟ್ಟೆಯಲ್ಲಿ ದಕ್ಷಿಣ ಕೊರಿಯಾದ ಸಹಕಾರದಿಂದ ಹನ್ನೆರಡು ಹಡಗುಗಳನ್ನು ಕಟ್ಟುವ ಯೋಜನೆ ಕೈಗೂಡಿರಲಿಲ್ಲ.

ಹೆಸರುಗಳು ಮಾತ್ರ ಮರಳಿವೆ. ಕೊಚ್ಚಿ ಹಡಗುಕಟ್ಟೆಯಲ್ಲಿ ಕಟ್ಟಿದ ಹೊಸ 'ಮಲ್ಪೆ' ಮತ್ತು 'ಮೂಲ್ಕಿ' 2024ರ ಸೆಪ್ಟೆಂಬರ್ 9ರಂದು ನೀರಿಗಿಳಿದವು. ಈ ವರ್ಗದ ಮೊದಲ ಹಡಗು 'ಮಾಹೆ' 2025ರ ನವೆಂಬರ್ 24ರಂದು ನೌಕಾಪಡೆಯನ್ನು ಸೇರಿತು. ಇವು ಸುಮಾರು 78 ಮೀಟರ್ ಉದ್ದದ, ಹಳೆಯವುಗಳಿಗಿಂತ ಎಷ್ಟೋ ದೊಡ್ಡ ಹಡಗುಗಳು. ಆದರೆ ಹೆಸರು ಒಂದೇ ಎಂದು ಕೆಲಸವೂ ಒಂದೇ ಎಂದು ಭಾವಿಸಬಾರದು. ಆಳವಿಲ್ಲದ ನೀರಿನಲ್ಲಿ ಶತ್ರು ಜಲಾಂತರ್ಗಾಮಿಗಳನ್ನು ಬೇಟೆಯಾಡುವುದು ಇವುಗಳ ಮುಖ್ಯ ಕರ್ತವ್ಯ. ಮೈನುಗಳನ್ನು ಇಡಬಲ್ಲವು, ಹುಡುಕಿ ತೆಗೆಯಲು ಕಟ್ಟಿದವಲ್ಲ. ಆ ಕಾರ್ಯಕ್ಕೆ ಬೇಕಾದ ಹಡಗುಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿಯು 2025ರ ಜುಲೈ 3ರಂದು ಅವಶ್ಯಕತೆಯ ಅಂಗೀಕಾರ ನೀಡಿತು. ಇದು ಖರೀದಿ ಪ್ರಕ್ರಿಯೆಯ ಮೊದಲ ಮೆಟ್ಟಿಲು. ಟೆಂಡರು, ಪರಿಶೀಲನೆ, ಒಪ್ಪಂದ, ನಿರ್ಮಾಣ ಇವೆಲ್ಲ ಅದರ ನಂತರ ಬರುವ ಹಂತಗಳು.