ಆಸ್ಟ್ರೇಲಿಯಾದ ಕಾಡು ಆಹಾರ: ರುಚಿ ನೋಡುವ ಕ್ರಮ

ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬಳಸುತ್ತ ಬಂದಿರುವ ಕಾಡಿನ ಬೀಜ, ಸೊಪ್ಪು, ಹಣ್ಣು ಮತ್ತು ಬೇಟೆಯ ಮಾಂಸಗಳಿಗೆ ಒಟ್ಟಾಗಿ ‘ಬುಷ್ ಟಕರ್’ ಎಂಬ ಹೆಸರಿದೆ. ಹೊಸಬರು ಇವನ್ನು ಅಂಗಡಿಯಿಂದ ಕೊಳ್ಳಬೇಕೇ ಹೊರತು ಗಿಡದಿಂದ ಕಿತ್ತು ತಿನ್ನಬಾರದು. 1861ರಲ್ಲಿ ಕೂಪರ್ ಕ್ರೀಕ್ ಬಳಿ ಮಡಿದ ಅನ್ವೇಷಕರಾದ ಬರ್ಕ್ ಮತ್ತು ವಿಲ್ಸ್, ನಾರ್ಡೂ ಎಂಬ ನೀರು ಜರೀಗಿಡದ ಹಿಟ್ಟನ್ನು ತಿನ್ನುತ್ತಿದ್ದರೂ ಸೊರಗುತ್ತಲೇ ಹೋದರು; ಬಿ1 ಜೀವಸತ್ವವನ್ನು ನಾಶಮಾಡುವ ಅದರ ಕಿಣ್ವವನ್ನು ಸ್ಥಳೀಯ ಯಾಂಡ್ರುವಾಂಡಾ ಜನರು ತಮ್ಮ ಸಂಸ್ಕರಣೆಯಿಂದ ತಗ್ಗಿಸುತ್ತಿದ್ದರೆಂದೂ ಅನ್ವೇಷಕರು ಆ ಕ್ರಮವನ್ನು ಬಿಟ್ಟರೆಂದೂ ಹಲವು ಸಂಶೋಧಕರು ವಿವರಿಸುತ್ತಾರೆ.

ಮೊದಲ ಹೆಜ್ಜೆ ಮಸಾಲೆಯದು. ಲೆಮನ್ ಮರ್ಟಲ್ ಎಂಬ ಕ್ವೀನ್ಸ್‌ಲ್ಯಾಂಡ್ ಮರದ ಎಲೆಯಲ್ಲಿ ನಿಂಬೆಯ ಗಂಧವಿದ್ದರೂ ನಿಂಬೆಯ ಹುಳಿ ಇಲ್ಲವಾದ್ದರಿಂದ ಅದರ ಪುಡಿಯನ್ನು ಪಾಯಸಕ್ಕೆ ಬೆರೆಸಿದರೆ ಹಾಲು ಒಡೆಯುವುದಿಲ್ಲ. ಹೆಚ್ಚು ಕುದಿಸಿದರೆ ಪರಿಮಳ ಹಾರಿಹೋಗುವುದರಿಂದ ಒಲೆಯಿಂದ ಇಳಿಸುವ ಮುನ್ನ ಒಂದು ಚಿಟಿಕೆ ಹಾಕುವುದು ಸರಿ. ವಾಟಲ್ ಬೀಜವೆಂದರೆ ಅಕೇಶಿಯಾ ಕುಲದ ಕೆಲವು ಜಾತಿಗಳ ಬೀಜವನ್ನು ಹುರಿದು ಮಾಡಿದ, ಕಾಫಿಯ ಘಮವಿರುವ ಪುಡಿ. ಆ ಕುಲದ ಎಲ್ಲ ಬೀಜಗಳೂ ತಿನ್ನಲು ಯೋಗ್ಯವಲ್ಲ. ಟಾಸ್ಮೇನಿಯಾದ ಬೆಟ್ಟಮೆಣಸಿನ ಖಾರ ತಡವಾಗಿ ಏರಿ ಬಹಳ ಹೊತ್ತು ನಿಲ್ಲುವುದರಿಂದ ಕಾಳುಮೆಣಸಿನ ಅಳತೆಯಲ್ಲಿ ಅದನ್ನು ಹಾಕಿದವರು ಪರಿತಪಿಸುವುದು ಖಚಿತ.

ಹಣ್ಣುಗಳಲ್ಲಿ ಕ್ವಾಂಡಾಂಗ್ ಕನ್ನಡಿಗರ ಶ್ರೀಗಂಧದ ಕುಲಕ್ಕೇ ಸೇರಿದ್ದು. ಒಣಗಿದ ಹೋಳುಗಳನ್ನು ನೀರಲ್ಲಿ ನೆನೆಸಿ ಸಕ್ಕರೆಯೊಂದಿಗೆ ಬೇಯಿಸಿದರೆ ಹುಳಿಸಿಹಿ ಗೊಜ್ಜು ಸಿದ್ಧವಾಗುತ್ತದೆ. ವಾರಿಗಲ್ ಸೊಪ್ಪಿನಲ್ಲಿ ಆಕ್ಸಲೇಟ್ ಲವಣಗಳು ಹೆಚ್ಚಾಗಿರುವುದರಿಂದ ಅದನ್ನು ಕುದಿಯುವ ನೀರಿನಲ್ಲಿ ಸುಮಾರು ಮೂರು ನಿಮಿಷ ಬೇಯಿಸಿ, ಆ ನೀರನ್ನು ಚೆಲ್ಲಿದ ಮೇಲೆಯೇ ಪಲ್ಯಕ್ಕೆ ಬಳಸಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಬಿಡುವುದೇ ಲೇಸು.

ಮಾಂಸಕ್ಕೆ ಬರುವುದಾದರೆ, ಕಾಂಗರೂಗಳನ್ನು ಸಾಕುವುದಿಲ್ಲ. ಸರ್ಕಾರ ನಿಗದಿಪಡಿಸಿದ ಮಿತಿಯೊಳಗೆ ಪರವಾನಗಿಯುಳ್ಳ ಬೇಟೆಗಾರರು ಕಾಡಿನಿಂದ ತರುತ್ತಾರೆ. ಇದರಲ್ಲಿ ಕೊಬ್ಬು ಬಹಳ ಕಡಿಮೆಯಾದ್ದರಿಂದ ಕುರಿಮಾಂಸದಂತೆ ಹೆಚ್ಚು ಹೊತ್ತು ಹುರಿದರೆ ಚಕ್ಕಳವಾಗುತ್ತದೆ. ತೆಳು ತುಂಡಿಗೆ ಎಣ್ಣೆ ಸವರಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಒಂದೊಂದು ಬದಿಯನ್ನೂ ಎರಡು–ಮೂರು ನಿಮಿಷ ಸುಟ್ಟು, ಒಳಗೆ ನಸುಗೆಂಪು ಉಳಿದಿರುವಾಗಲೇ ಇಳಿಸಿ, ಮುಚ್ಚಿಟ್ಟು ಐದು ನಿಮಿಷದ ಬಳಿಕ ಕತ್ತರಿಸುವುದು ವಾಡಿಕೆ. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಪೂರ್ತಿ ಬೇಯಿಸಿದ್ದನ್ನೇ ತಿನ್ನಬೇಕು. ಅಂಥವರಿಗೆ ಕಾಂಗರೂ ಬಾಲವೇ ವಾಸಿ, ಏಕೆಂದರೆ ಅದನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಸಾರು ಮಾಡಬಹುದು. ಮೊಸಳೆಯದು ಬಿಳಿ ಮಾಂಸ, ಎಮು ಹಕ್ಕಿಯಾದರೂ ಅದರದು ಕೆಂಪು.

ಕೀಟಗಳತ್ತ ಹೋಗುವ ಧೈರ್ಯವಿದ್ದವರು ಉತ್ತರ ಆಸ್ಟ್ರೇಲಿಯಾದ ಹಸಿರು ಇರುವೆಯಿಂದ ಆರಂಭಿಸಬಹುದು. ಮಲೆನಾಡಿನಲ್ಲಿ ಚಟ್ನಿ ಅರೆಯುವ ಚಗಳಿ ಇರುವೆಯ ಜಾತಿಯೇ ಅದು. ಹುಳಿಯೂ ಅದೇ ಫಾರ್ಮಿಕ್ ಆಮ್ಲದ್ದು. ಸಿಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದು.