ಬೆನೆ ಇಸ್ರಾಯೇಲರ ಕುಲವಿಚಾರ: ರಬ್ಬಿಗಳ ಒಂದು ಹಳೆಯ ವಾದ

ಕಾಂದಿವಲಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ ಶಿವಾಜಿ ಟರ್ಮಿನಸ್ಸಿಗೆ ಹೋಗುವ ನಮ್ಮ ವಾಚಕರು ಮಸ್ಜಿದ್ ಎಂಬ ನಿಲ್ದಾಣವನ್ನು ಬಲ್ಲರು. ಆ ಹೆಸರು ಬಂದುದು ಮುಸಲ್ಮಾನರ ಮಸೀದಿಯಿಂದಲ್ಲ, ಹತ್ತಿರದ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿರುವ ಯಹೂದ್ಯರ ಪ್ರಾರ್ಥನಾಮಂದಿರದಿಂದ ಎಂದು ಹೇಳುವುದುಂಟು. ಈ ಮಂದಿರವನ್ನು 1796ರಲ್ಲಿ ಸ್ಥಾಪಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಕಂಪನಿಯ ಸೈನ್ಯದಲ್ಲಿದ್ದ ಇವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದ್ದರು. ಟಿಪ್ಪುವಿನ ತಾಯಿಯ ಮಾತಿನಿಂದ ಅವರ ಜೀವ ಉಳಿಯಿತೆಂಬುದು ಆ ಸಮಾಜದವರು ಹೇಳಿಕೊಂಡು ಬಂದ ಐತಿಹ್ಯ. ಹೀಗೆ ಈ ಮಂದಿರಕ್ಕೂ ನಮ್ಮ ನಾಡಿಗೂ ಒಂದು ಎಳೆಯ ಸಂಬಂಧವಿದೆ.

ದಿವೇಕರರ ಸಮಾಜಕ್ಕೆ ಬೆನೆ ಇಸ್ರಾಯೇಲ್ ಎಂದು ಹೆಸರು. ಇವರು ಕೊಂಕಣದ ಕೊಲಾಬಾ ಸೀಮೆಯ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಆದುದರಿಂದ ಊರವರು ಇವರನ್ನು 'ಶನಿವಾರ ತೇಲಿ'ಗಳೆಂದು ಕರೆದರು. ಆಡುವ ಮಾತು ಮರಾಠಿ. ಅನೇಕ ಶತಮಾನಗಳ ಕಾಲ ಇವರ ನಡುವೆ ರಬ್ಬಿ, ಎಂದರೆ ಧರ್ಮಶಾಸ್ತ್ರ ಬಲ್ಲ ಗುರು, ಯಾರೂ ಇರಲಿಲ್ಲ. ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೋನಿಡೀಸ್ ತನ್ನೊಂದು ಪತ್ರದಲ್ಲಿ, ಭಾರತದ ಯಹೂದ್ಯರಿಗೆ ಶನಿವಾರದ ವಿಶ್ರಾಂತಿ, ಎಂಟನೆಯ ದಿನದ ಸುನ್ನತಿ ಇವೆರಡಲ್ಲದೆ ಧರ್ಮದ ಬೇರೆ ವಿಷಯ ತಿಳಿಯದೆಂದು ಬರೆದಿದ್ದಾನೆ.

ಗುರುವಿಲ್ಲದೆ ಧರ್ಮವನ್ನು ಉಳಿಸಿಕೊಂಡವರನ್ನು ಮೆಚ್ಚಬೇಕಲ್ಲವೆ? ಆದರೆ ಹೊರಗಿನಿಂದ ಬಂದವರಿಗೆ ಸಂಶಯವೇ ಮೊದಲಾಯಿತು. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಸಾಸೂನ್ ಎಂಬ ಹೆಸರು ಹೊಸದಲ್ಲ. ಆ ಮನೆತನದವರು ಬಗ್ದಾದಿನ ಯಹೂದ್ಯರು. 1836ರಲ್ಲಿ ಬಗ್ದಾದಿಗಳು ಮುಂಬಯಿಯ ಯಹೂದ್ಯರ ರುದ್ರಭೂಮಿಯಲ್ಲಿ ತಮಗೂ ಬೆನೆ ಇಸ್ರಾಯೇಲರಿಗೂ ನಡುವೆ ಗೋಡೆ ಬೇಕೆಂದು ಸರಕಾರಕ್ಕೆ ಅರ್ಜಿ ಕೊಟ್ಟರು. ಸತ್ತವರ ನಡುವೆಯೂ ಗೋಡೆ!

ಸಂಶಯದ ಮೂಲ ಯಾವುದೆಂಬುದನ್ನು ಈಗ ನೋಡುವಾ. ಯಹೂದ್ಯ ಶಾಸ್ತ್ರದಂತೆ ಗಂಡನು 'ಗೆಟ್' ಎಂಬ ಬಿಡುಗಡೆಯ ಪತ್ರವನ್ನು ಕ್ರಮವಾಗಿ ಕೊಡದಿದ್ದರೆ ಮದುವೆ ಮುರಿಯುವುದಿಲ್ಲ. ಅಂಥ ಸ್ತ್ರೀ ಮತ್ತೊಬ್ಬನನ್ನು ಮದುವೆಯಾಗಿ ಮಕ್ಕಳನ್ನು ಪಡೆದರೆ ಅವರು 'ಮಮ್ಜೇರ್' ಎನಿಸುತ್ತಾರೆ. ಅವರೂ ಅವರ ಸಂತತಿಯವರೂ ಇತರ ಯಹೂದ್ಯರೊಡನೆ ಮದುವೆಯ ಸಂಬಂಧ ಬೆಳೆಸುವಂತಿಲ್ಲ. ಕೊಂಕಣದಲ್ಲಿ ರಬ್ಬಿಗಳಿರಲಿಲ್ಲ, ಹಾಗಾದರೆ ಗೆಟ್ ಬರೆದವರು ಯಾರು? ಇದು ಸಂಶಯದವರ ಪ್ರಶ್ನೆ. ಬೆನೆ ಇಸ್ರಾಯೇಲರ ಉತ್ತರ ಸರಳವಾಗಿತ್ತು: ನೆರೆಯ ಹಿಂದೂಗಳಂತೆ ನಮ್ಮಲ್ಲಿಯೂ ಹೆಂಡತಿಯನ್ನು ಬಿಡುವ ರೂಢಿಯೇ ಇರಲಿಲ್ಲ; ಬಿಡುಗಡೆಯೇ ಇಲ್ಲವೆಂದ ಮೇಲೆ ಪತ್ರದ ಮಾತೆಲ್ಲಿ?

ಇಂಥ ಪ್ರಶ್ನೆಯನ್ನು ಹಳೆಯ ರಬ್ಬಿಗಳೂ ಚರ್ಚಿಸಿದ್ದರು. ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ 'ಮಿಶ್ನಾ' ಗ್ರಂಥದಲ್ಲಿ ಒಂದು ವಾದವಿದೆ. ಕಡೆಗಾಲದಲ್ಲಿ ಪ್ರವಾದಿ ಎಲೀಯನು ಬಂದಾಗ ಯಾರ ಕುಲ ಶುದ್ಧ, ಯಾರದು ಅಶುದ್ಧ ಎಂದು ತೀರ್ಪು ಹೇಳುವನೇ? ರಬ್ಬಿ ಯೆಹೋಶುವನ ಮತದಂತೆ ಅವನು ಎಲ್ಲರ ಕುಲ ಶೋಧಿಸಲು ಬರುವುದಿಲ್ಲ. ಬಲಾತ್ಕಾರದಿಂದ ಒಳಗೆ ಸೇರಿದವರನ್ನು ದೂರ ಮಾಡಲಿಕ್ಕೂ, ಬಲಾತ್ಕಾರದಿಂದ ಹೊರಗೆ ಹಾಕಲ್ಪಟ್ಟವರನ್ನು ಹತ್ತಿರ ತರಲಿಕ್ಕೂ ಮಾತ್ರ ಬರುತ್ತಾನೆ. ರಬ್ಬಿ ಯೆಹೂದನು, ಹತ್ತಿರ ತರಲಿಕ್ಕಷ್ಟೇ, ದೂರ ಮಾಡಲಿಕ್ಕಲ್ಲ ಎಂದನು. ರಬ್ಬಿ ಶಿಮೋನನು, ವಾದಗಳನ್ನು ಬಗೆಹರಿಸಲಿಕ್ಕೆ ಎಂದನು. ಇತರ ಪಂಡಿತರು, ಇವೆರಡೂ ಅಲ್ಲ, ಲೋಕದಲ್ಲಿ ಶಾಂತಿಯನ್ನು ಸ್ಥಾಪಿಸಲಿಕ್ಕೆ ಎಂದರು. ಆಮೇಲಿನ 'ತಾಲ್ಮುದ್' ಗ್ರಂಥದಲ್ಲಿಯೂ, ಬೆರೆತುಹೋದ ಕುಟುಂಬವನ್ನು ಬೆರೆತಂತೆಯೇ ಬಿಡಬೇಕು, ಕೆದಕಬಾರದು ಎಂಬ ಮತವಿದೆ.

ಈ ಎಲೀಯನೇ ಬೆನೆ ಇಸ್ರಾಯೇಲರಿಗೆ ಅತ್ಯಂತ ಪ್ರಿಯನಾದ ಪ್ರವಾದಿ ಎಂಬುದು ಗಮನಿಸಬೇಕಾದ ಮಾತು. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ಕೂಡಿಸಿ 'ಮಲೀದಾ' ಮಾಡಿ, ಹಣ್ಣುಗಳೊಡನೆ ಇಟ್ಟು ಅವನನ್ನು ಸ್ಮರಿಸುತ್ತಾರೆ. ಅಲಿಬಾಗದ ಬಳಿಯ ಖಂಡಾಳೆಯ ಬಂಡೆಯ ಮೇಲೆ ಅವನ ರಥದ ಗುರುತಿದೆಯೆಂದು ನಂಬುತ್ತಾರೆ.

1948ರಲ್ಲಿ ಇಸ್ರೇಲ್ ರಾಷ್ಟ್ರವಾದ ಬಳಿಕ ಇವರಲ್ಲಿ ಸಾವಿರಾರು ಜನ ಅಲ್ಲಿಗೆ ಹೋದರು. ಅಲ್ಲಿಯೂ ಹಳೆಯ ಸಂಶಯ ಬೆನ್ನು ಬಿಡಲಿಲ್ಲ. ಕೆಲವು ರಬ್ಬಿಗಳು ಇವರ ಮದುವೆ ಮಾಡಿಸಲು ಒಪ್ಪಲಿಲ್ಲ. 1961ರಲ್ಲಿ ಮುಖ್ಯ ರಬ್ಬಿಗಳ ಮಂಡಳಿಯು ಇವರೊಡನೆ ಮದುವೆಗೆ ನಿಷೇಧವಿಲ್ಲವೆಂದಿತು. ಆದರೆ ಮರುವರ್ಷವೇ, ಬೆನೆ ಇಸ್ರಾಯೇಲರ ಪೂರ್ವಿಕರನ್ನು ಸಾಧ್ಯವಾದಷ್ಟು ಹಿಂದಿನವರೆಗೆ ವಿಚಾರಿಸಬೇಕೆಂಬ ಸೂಚನೆ ಹೊರಟಿತು. ಇವರು ಚಳವಳಿ ಹೂಡಿದರು. 1964ರ ಬೇಸಗೆಯಲ್ಲಿ ಜೆರೂಸಲೇಮಿನಲ್ಲಿ ಧರಣಿ ಕುಳಿತರು. ಆ ವರ್ಷದ ಆಗಸ್ಟಿನಲ್ಲಿ ಅಲ್ಲಿಯ ಪಾರ್ಲಿಮೆಂಟು, ಇವರು ಎಲ್ಲ ವಿಧದಲ್ಲಿಯೂ ಯಹೂದ್ಯರೇ ಎಂಬ ನಿಲುವನ್ನು ಎತ್ತಿಹಿಡಿಯಿತು. ಅದೇ ತಿಂಗಳ ಕೊನೆಗೆ ರಬ್ಬಿಗಳು ಸೂಚನೆಯಿಂದ ಇವರ ಹೆಸರನ್ನು ತೆಗೆದರು. ಯಾರ ವಿಷಯದಲ್ಲಿ ಸಂಶಯವಿದೆಯೋ ಅವರನ್ನೆಲ್ಲ ವಿಚಾರಿಸಬೇಕೆಂಬ ಸಾಮಾನ್ಯ ನಿಯಮವಷ್ಟೇ ಉಳಿಯಿತು.

ಇದರಿಂದ ನಾವು ಕಲಿಯುವುದೇನು? ಎರಡು ಪಕ್ಷದವರಿಗೂ ಶಾಸ್ತ್ರದ ಆಧಾರವಿತ್ತು. ಭೇದವಿದ್ದುದು ರುಜುವಾತಿನ ಭಾರ ಯಾರದು ಎಂಬುದರಲ್ಲಿ. ಗುರುವಿಲ್ಲದೆ, ಗ್ರಂಥವಿಲ್ಲದೆ ವಾರಕ್ಕೊಂದು ದಿನ ಗಾಣ ನಿಲ್ಲಿಸಿದವನು ತನ್ನ ಅಜ್ಜಿಯ ಅಜ್ಜಿಯ ಮದುವೆಗೆ ಸಾಕ್ಷಿ ತರಬೇಕೆ, ಅಥವಾ ಸಂಶಯಪಟ್ಟವನೇ ತನ್ನ ಸಂಶಯಕ್ಕೆ ಕಾರಣ ತೋರಿಸಬೇಕೆ? ಊರು ಬಿಟ್ಟು ಬಂದ ನಮ್ಮ ನಡುವೆಯೂ ಹುಡುಗಿ ನೋಡುವಾಗ, ಕೋಣೆ ಬಾಡಿಗೆಗೆ ಕೊಡುವಾಗ, ಒಂದೇ ಪಂಕ್ತಿಯಲ್ಲಿ ಎಲೆ ಹಾಕುವಾಗ, 'ಇವರು ಯಾರ ಪೈಕಿ?' ಎಂಬ ಪ್ರಶ್ನೆ ಏಳುತ್ತದೆ. ಕೇಳುವ ಮುನ್ನ, ಕೇಳುವುದರಿಂದ ಯಾರು ಹತ್ತಿರವಾಗುತ್ತಾರೆ, ಯಾರು ದೂರವಾಗುತ್ತಾರೆ ಎಂದು ಯೋಚಿಸುವುದು ಒಳ್ಳೆಯದು.